ಹೊಸ ಸೀರೆಯ ಅರ್ಥ

ಆದೋನಿ,
೧೮ ನವೆಂಬರ್ ೨೦೨೪

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಮೊಣಕಾಲು ನೋವು ಇಳಿಯಿತೇ? ಚಳಿ ಶುರುವಾಗಿದೆ, ನಸುಕಿನಲ್ಲೇ ತಣ್ಣೀರು ಸುರಿದುಕೊಳ್ಳುವ ಹಟ ಇನ್ನಾದರೂ ಬಿಡು. ನಾನು ಆರಾಮಿದ್ದೇನೆ. ಅವ್ವ ಹೋಗಿ ಆರು ತಿಂಗಳಾದರೂ ಅವಳ ಮಂಚ ಪಡಸಾಲೆಯಲ್ಲೇ ಇದೆ, ತೆಗೆಯಲು ಮನಸ್ಸು ಬರುತ್ತಿಲ್ಲ.

ಮೊನ್ನೆ ಫೋನ್ ಮಾಡಿ, ಬಳ್ಳಾರಿಯ ಸಂಘದವರು ಆ ಹಳೆಯ ಕಾದಂಬರಿಯ ಮೇಲೆ ಮಾತಾಡಲು ಕರೆದಿದ್ದಾರೆ, ಟ್ರಂಕಿನಲ್ಲಿರುವ ನನ್ನ ಪ್ರತಿ ಕಳಿಸು ಅಂದೆಯಲ್ಲ. "ಅದನ್ನ ಆ ಕಾಲದಾಗ ಇಟ್ಟು ಓದಬೇಕವ್ವಾ, ಇಲ್ಲಾಂದ್ರ ಏನೂ ತಿಳಿಯಂಗಿಲ್ಲ" ಅಂತಲೂ ಅಂದೆ. ತೆಗೆದೆ. ನನಗೆ ಅದನ್ನು ಓದಿ ಹೇಳಿದವನು ನೀನೇ, ನೆನಪಿದೆಯಾ? ತೆಲುಗು ಮೀಡಿಯಂನಲ್ಲಿ ಕಲಿತ ನನಗೆ ಆಗ ಕನ್ನಡ ಅಕ್ಷರ ಬರುತ್ತಿರಲಿಲ್ಲ. ನನಗೆ ಇಪ್ಪತ್ತಾರು, ಗಂಡ ತೀರಿಕೊಂಡು ಎರಡು ವರ್ಷವಾಗಿತ್ತು. ನಾನು ರೊಟ್ಟಿ ಬಡಿಯುತ್ತಿದ್ದರೆ ನೀನು ಒಲೆಯ ಪಕ್ಕ ಕೂತು ದಿನಕ್ಕೊಂದು ಅಧ್ಯಾಯ ಓದುತ್ತಿದ್ದೆ. ಕಾದಂಬರಿಯ ಹುಡುಗಿಯೂ ನನ್ನ ಹಾಗೆ ಗಂಡ ಸತ್ತು ತವರಿಗೆ ಬಂದವಳು. ಅವಳನ್ನು ಮದುವೆಯಾಗುತ್ತೇನೆ ಅಂತ ಒಬ್ಬ ಬರುತ್ತಾನೆ. ಅದೇ ವಾರ ಎಮ್ಮಿಗನೂರಿನಲ್ಲಿ ಮಗ್ಗದ ಸೀರೆಯ ಅಂಗಡಿ ಇಟ್ಟಿದ್ದ ಜಗದೀಶರು ನನ್ನನ್ನು ಮದುವೆಗೆ ಕೇಳಿ ಕಳಿಸಿದ್ದರು. ನನಗೆ ಅವರು ಇಷ್ಟವಾಗಿದ್ದರು. ನಿನ್ನೆದುರು ಬಾಯಿ ಬಿಟ್ಟು ಹೇಳುತ್ತಿರುವುದು ಇವತ್ತೇ. ಆ ಹುಡುಗಿ ಏನು ಮಾಡುತ್ತಾಳೋ ನೋಡಿ ಉತ್ತರ ಕೊಡೋಣ ಅಂದುಕೊಂಡೆ, ಹುಚ್ಚಿ ನಾನು.

ಕೊನೆಯ ಸಾಲು ನನಗೆ ಬಾಯಿಪಾಠ: "ಮರುದಿನ ಮನೆಯವರೆಲ್ಲ ಸೇರಿ ಅವಳಿಗೆ ಹೊಸ ಸೀರೆ ಉಡಿಸಿದರು." ಹಂಗಂದ್ರೇನಣ್ಣಾ ಅಂತ ಕೇಳಿದೆ. ನೀನು ಪುಸ್ತಕ ಮುಚ್ಚಿ, "ಸತ್ತಳವ್ವಾ. ಹೆಣಕ್ಕ ಹೊಸ ಸೀರಿ ಉಡಸ್ತಾರಲ್ಲ, ಅದು" ಅಂದೆ. ಆಸೆಪಟ್ಟಿದ್ದಕ್ಕೆ ಅವಳಿಗೆ ಆ ಗತಿ ಬಂತೆಂದು ಹಿಟ್ಟಿನ ಕೈಯಲ್ಲೇ ಅತ್ತೆ. ಮರುದಿನ ಜಗದೀಶರಿಗೆ ಬೇಡ ಅಂದುಬಿಟ್ಟೆ. ಹೋಗಿ ಹೇಳಿ ಬಂದವನೂ ನೀನೇ. ಅವರು ಎರಡು ವರ್ಷ ಕಾದು ಬೇರೆ ಮದುವೆಯಾದರು.

ನಿನ್ನ ಮಗಳು ಅಶ್ವಿನಿಗೆ ಇಲ್ಲಿ ಅಕ್ಷರ ತಿದ್ದಿಸುವಾಗ ನಾನೂ ಕನ್ನಡ ಕಲಿತೆ. ತೆಲುಗು ಬಂದವಳಿಗೆ ಹದಿನೈದು ದಿನ ಸಾಕಾಯಿತು. ಆದರೂ ಆ ಹುಡುಗಿ ಸತ್ತ ಪುಸ್ತಕವೆಂದು ಇಷ್ಟು ವರ್ಷ ಅದನ್ನು ಮುಟ್ಟಿರಲಿಲ್ಲ. ಮೊನ್ನೆ ಕೊನೆಯ ಪುಟ ತೆರೆದೆ. ಪಕ್ಕದಲ್ಲಿ ಪೆನ್ಸಿಲಿನಲ್ಲಿ ನಿನ್ನ ಗುಂಡನೆಯ ಅಕ್ಷರ: "ಸೀರೆ ಉಡಿಸುವುದು, ಅಂದರೆ ಉಡಿಕೆ. ವಿಧವೆಯ ಮರುಮದುವೆ. ಹಂದರ, ಬಾಸಿಂಗ ಇಲ್ಲದೆ ಹೊಸ ಸೀರೆ ಉಡಿಸಿದರೆ ಆ ಕಾಲದಲ್ಲಿ ಮದುವೆಯಾದಂತೆ. ಕ್ಲಾಸಿನಲ್ಲಿ ಮಕ್ಕಳಿಗೆ ಒತ್ತಿ ಹೇಳಬೇಕು." ನಿನಗೆ ಆಮೇಲೆ ತಿಳಿದಿರಬಹುದು ಅಂತ ನಿನ್ನ ಪರವಾಗಿ ನಾನೇ ವಾದ ಮಾಡಿದೆ. ಆದರೆ ಕೆಳಗೆ ತಾರೀಖು ಹಾಕಿದ್ದೀಯ, ಮೇಷ್ಟ್ರ ಚಟ. ನೀನು ನನಗೆ ಓದಿ ಹೇಳಿದ್ದಕ್ಕಿಂತ ಒಂದು ವರ್ಷ ಹಿಂದಿನದು.

ನಮ್ಮ ಜಂಗಮ ಅಯ್ಯನವರ ಮನೆಗಳಲ್ಲಿ ಉಡಿಕೆ ಇಲ್ಲ. ನನಗೆ ಆ ಪದ್ಧತಿ ಗೊತ್ತಿಲ್ಲವೆಂದು ನಿನಗೆ ಗೊತ್ತಿತ್ತು. ಆಗ ನಿನಗೆ ಬಳ್ಳಾರಿ ಕಾಲೇಜಿನ ಕೆಲಸ ಬಂದಿತ್ತು, ಅವ್ವನಿಗೆ ಲಕ್ವ ಹೊಡೆದಿತ್ತು, ಅತ್ತಿಗೆಗೂ ಅಲ್ಲೇ ನೌಕರಿ, ಅಶ್ವಿನಿ ಎರಡು ವರ್ಷದ ಕೂಸು. ನಾನು ಹೋದರೆ ಇವರನ್ನೆಲ್ಲ ಯಾರು ನೋಡಬೇಕು? "ನೀ ಇರು ಹೇಮಾ, ನೀ ಬೇಕು" ಅಂದಿದ್ದರೆ ಇರುತ್ತಿದ್ದೆನೋ ಏನೋ. ನೀನು ಕೇಳಲೇ ಇಲ್ಲ, ಸುಳ್ಳು ಅರ್ಥ ಹೇಳಿದೆ. ಅವ್ವನ ಸೇವೆಗೆ ನನಗೆ ಬೇಸರವಿಲ್ಲ, ಅಶ್ವಿನಿ ನನ್ನ ಕೂಸೇ. ನೀನು ಮೋಸ ಮಾಡಿದೆಯಲ್ಲಾ ಅಂತ ಹೊಟ್ಟೆ ಉರಿಯುತ್ತದೆ.

ಅತ್ತಿಗೆಗೆ ನಮಸ್ಕಾರ. ಅವರಿಗೂ ಇದು ಗೊತ್ತಿತ್ತೇ ಅಂತ ನಾನು ಕೇಳುವುದಿಲ್ಲ. ಮಾತ್ರೆ ತಪ್ಪಿಸಬೇಡ.

ನಿನ್ನ ತಂಗಿ,
ಹೇಮಾವತಿ

ತಾ.ಕ.: ಪುಸ್ತಕ ಕಳಿಸುತ್ತಿಲ್ಲ. ಭಾನುವಾರ ಬೆಳಗಿನ ಬಸ್ಸಿಗೆ ನಾನೇ ತರುತ್ತೇನೆ. ಸಂಘದ ಸಭೆಯಲ್ಲಿ ಅಶ್ವಿನಿಯ ಪಕ್ಕ ಮುಂದಿನ ಸಾಲಿನಲ್ಲೇ ಕೂತಿರುತ್ತೇನೆ. ಅವಳಿಗೆ ಇನ್ನೂ ಏನೂ ಹೇಳಿಲ್ಲ. ನೀನು ಕೊನೆಯ ಸಾಲು ಓದು, ನಾನು ಎದ್ದು ನಿಂತು ಮತ್ತೆ ಅರ್ಥ ಕೇಳುತ್ತೇನೆ. ನಿನ್ನೆ ಎಮ್ಮಿಗನೂರಿಗೆ ಹೋಗಿ ಹೊಸ ಸೀರೆ ತಂದಿದ್ದೇನೆ, ಅದನ್ನೇ ಉಟ್ಟು ಬರುತ್ತೇನೆ. ಉಡಿಸುವವರು ಯಾರೂ ಇಲ್ಲ, ನಾನೇ ಉಟ್ಟುಕೊಳ್ಳುತ್ತೇನೆ.