ಮೂಗಿನಿಂದ ಆರಿಸುವ ಓವನ್

ಚಿಕ್ಕಮ್ಮನಿಗೆ ನಮಸ್ಕಾರ.

ಇಲ್ಲಿ ನಮ್ಮ ಬೇಕರಿಯ ಓವನ್ನಿನ ಗುಂಡಿಗಳನ್ನು ಕಿತ್ತು ಟಚ್ ಸ್ಕ್ರೀನ್ ಕೂರಿಸಿದ್ದಾರೆ. ಹಿಟ್ಟು ಮೆತ್ತಿದ ಬೆರಳಿಗೆ ಅದು ಕ್ಯಾರೇ ಅನ್ನುವುದಿಲ್ಲ. ಬ್ರೆಡ್ಡು ಸೀದುಹೋಗುವ ಮುಂಚೆ ಆರಿಸಲು ನಾವೆಲ್ಲ ಮೂಗಿನಿಂದ ಒತ್ತುತ್ತೇವೆ! ಈ ಸ್ಕ್ರೀನ್ ತಯಾರಿಸಿದ ಮಹಾಶಯರು, "ಬರೀ ಬೆರಳು ನೋಡಿದ್ರೆ ಸಾಲ್ದು, ಮನುಷ್ಯ ಮಾಡೋ ಕೆಲಸಾನ ಇಡಿಯಾಗಿ ನೋಡ್ಬೇಕು, ಅದೇ ನಮ್ಮ ಸಿದ್ಧಾಂತ" ಎಂದು ಭಾಷಣ ಬಿಗಿದಿದ್ದರು. ಆಮೇಲೆ ಸ್ಕ್ರೀನ್ ಪರೀಕ್ಷೆಗೆ ನಮ್ಮನ್ನು ಕರೆದಾಗ ಹೇಳಿದ್ದೇನು ಗೊತ್ತೇ? "ಎಲ್ರೂ ಕೈ ತೊಳ್ಕೊಂಡು ಬನ್ನಿ!" ಈಗ ದೂರು ಕೊಟ್ಟರೆ ಅವರೇ ಕೈ ತೊಳೆದುಕೊಂಡಿದ್ದಾರೆ.

ಆರೋಗ್ಯ ಚೆನ್ನಾಗಿದೆ. ನೀವು ಕೊಟ್ಟ ಮೂಗುತಿಯಿಂದ ಸ್ಕ್ರೀನಿಗೆ ಗೀರು ಬೀಳುತ್ತದಂತೆ, ಮೇಲ್ವಿಚಾರಕ ಬಿಚ್ಚಿಸಿದ್ದಾನೆ. ಓವನ್ ಕೂಗುತ್ತಿದೆ, ಹೊರಟೆ. ನಾನು ಇಡಿಯಾಗಿ ಬೇಡವಂತೆ, ಮೂಗೊಂದು ಸಾಕಂತೆ!

ನಿಮ್ಮ ಅಕ್ಕನ ಮಗಳು