ಅತ್ತೆಗೆ ಜಾರುಬಂಡಿ

ಆರ್ತೊ,

ಗಂಜಿ ಪಾತ್ರೆಯನ್ನು ಅರ್ಧ ತಿಕ್ಕಿದ್ದೆ, ನಿನ್ನ ಅಮ್ಮನ ಫೋನ್ ಬಂತು. ಹತ್ತೂವರೆಯ ಬಸ್ಸಿಗೆ ಬರುತ್ತಾರಂತೆ. ನೀನಿನ್ನೂ ಗೊರಕೆ ಹೊಡೆಯುತ್ತಿದ್ದೀಯ, ಅದಕ್ಕೇ ಈ ಚೀಟಿ.

ಪೆಟ್ರೋಲ್ ದುಬಾರಿ, ಕಾರು ಶುಕ್ರವಾರ ಮಾತ್ರ ಎಂದು ನಿಯಮ ಮಾಡಿದವನು ನೀನೇ. ಹಾಗಂತ "ಅಮ್ಮನೂ ಶುಕ್ರವಾರವೇ ಬರಲಿ" ಎನ್ನಬೇಡ. ನಮ್ಮ ಹಿಲ್ಲಾಳಿಗೆ ಆರು ವರ್ಷ ತುಂಬುವುದು ಇವತ್ತು, ಮಂಗಳವಾರ. ನಿನ್ನೆ ನೀನು ಹಾಗೆ ಗೊಣಗಿದ್ದು, ಜಾರುಬಂಡಿ ತಳ್ಳಲು ನಾಚಿಕೆ ಎಂದದ್ದು, ಎರಡೂ ಅವಳ ಕಿವಿಗೆ ಬಿದ್ದಿವೆ. ಬೆಳಿಗ್ಗೆ ಗಂಜಿಯನ್ನೂ ಮುಟ್ಟಲಿಲ್ಲ.

ಅವರನ್ನು ಕರೆತರಲು ಬಸ್ ನಿಲ್ದಾಣಕ್ಕೆ ತಳ್ಳುವ ಜಾರುಬಂಡಿ ತೆಗೆದುಕೊಂಡು ಹೋಗು; ಮುಂದಿನ ಸೀಟಿನಲ್ಲಿ ಅಮ್ಮ ಕೂರಲಿ, ಹಿಂದೆ ನಿಂತು ನೀನು ತಳ್ಳು. ಸೌದೆ ಕೊಟ್ಟಿಗೆಯ ಹಿಂದೆ ಬಚ್ಚಿಟ್ಟಿದ್ದೆಯಲ್ಲ, ಹೊರಗೆ ತಂದಿಟ್ಟಿದ್ದೇನೆ. ಅದು ಮುದುಕಿಯರ ಗಾಡಿ ಎಂದು ನಾಚಬೇಡ, ಕೂರುವವರು ಎಪ್ಪತ್ತೆಂಟರ ಮುದುಕಿಯೇ ತಾನೇ. ಸೀಟಿಗೆ ಕುರಿಚರ್ಮ ಹಾಸು. ಚರ್ಚಿನ ರಸ್ತೆಯ ಹಿಮದ ಮೇಲೆ ಜನ ಜಾರದಿರಲೆಂದು ಮರಳು ಚೆಲ್ಲಿದ್ದಾರೆ, ಅಲ್ಲಿ ಬಂಡಿ ಜಾರುವುದಿಲ್ಲ. ಕೆರೆದಂಡೆಯ ಹಿಮದ ದಾರಿ ಹಿಡಿ. ಇಳಿಜಾರಿನಲ್ಲಿ ಶೂರತನ ಬೇಡ.

ನನ್ನ ಜೊತೆ ಕೆಲಸ ಮಾಡುವ ಮಾರ್ಯಾತ್ತ ಹೊರಗೆ ಹಾರ್ನ್ ಹೊಡೆಯುತ್ತಿದ್ದಾಳೆ. ಅವಳ ಕಾರಿನಲ್ಲಿ ಈ ವಾರ ಕೆಲಸಕ್ಕೆ ಹೋಗುವವರು ಐದು ಜನ, ನಾನು ನಡುವಿನ ಸೀಟಿನವಳು.

ಹಿಲ್ಲಾ ಆಗಲೇ ಬೂಟು ಹಾಕಿಕೊಂಡು ಬಾಗಿಲ ಬಳಿ ನಿಂತಿದ್ದಾಳೆ. ಈಗಷ್ಟೇ ಕೇಳಿದಳು: "ಅಮ್ಮಾ, ಅಪ್ಪಂಗೆ ನಾಚ್ಕೆ ಆದ್ರೆ, ಅಜ್ಜೀನ ನಾನೇ ತಳ್ಕೊಂಡು ಬರ್ಲಾ?"