ರಟ್ಟಿನ ಮೇಲಿನ ಎಣ್ಣೆ

೪ ಮಂಗಳವಾರ, ಬೆಳಿಗ್ಗೆ ೭

ಬೈಕಿನ ಕೆಳಗೆ ಮತ್ತೆ ಎಣ್ಣೆ. ನಿನ್ನೆ ಹಾಸಿದ್ದ ರಟ್ಟಿನ ಮೇಲೆ ಅಂಗೈಯಗಲ ಕಲೆ. ಹನ್ನೆರಡು ವರ್ಷ ನಾನೇ ಓಡಿಸಿ ಮಗಳಿಗೆ ಕೊಟ್ಟ ಗಾಡಿ. ಅವಳ ಮನೆ ಪಕ್ಕದ ಬೀದಿಯಲ್ಲಿ. ಅಲ್ಲಿ ಜಾಗವಿಲ್ಲ, ನಮ್ಮ ಅಂಗಳದಲ್ಲೇ ನಿಲ್ಲಿಸುತ್ತಾಳೆ. ಬೆಳಿಗ್ಗೆ ಬಂದು ತೆಗೆದುಕೊಂಡು ಆಸ್ಪತ್ರೆಗೆ ಡ್ಯೂಟಿಗೆ ಹೋಗುತ್ತಾಳೆ.

ಹೋದ ವಾರ ಅಳಿಯ ಅದನ್ನು ಗೆಳೆಯನ ಗ್ಯಾರೇಜಿಗೆ ಒಯ್ದು ಆಯಿಲ್ ಬದಲಿಸಿ ತಂದ. ಮೂವತ್ತು ವರ್ಷ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ ಮಾವ ಮನೆಯಲ್ಲೇ ಇರುವಾಗ! ಹಿತ್ತಲ ಗಿಡ ಮದ್ದಲ್ಲ.

ಆ ಗ್ಯಾರೇಜಿನವರು ಕಡಿಮೆಯೇ ಹಾಕಿರುತ್ತಾರೆ ಅಂತ ಅವತ್ತೇ ಒಂದಿಷ್ಟು ಸುರಿದಿದ್ದೆ. ಈಗ ಸೋರಿದ್ದಕ್ಕೆ ಇನ್ನೊಂದಿಷ್ಟು. ಅಳತೆ ಕಡ್ಡಿ ನೋಡಲಿಲ್ಲ. ನನ್ನ ಕೈಯೇ ಅಳತೆ.

೫ ಬುಧವಾರ

ಎಂಜಿನ್ ಕವರಿನ ಬೋಲ್ಟುಗಳನ್ನೆಲ್ಲ ಬಿಗಿ ಮಾಡಿದೆ. ಮಗಳು ಮೆಟ್ಟಿಲ ಮೇಲೆ ಕೂತು ಟಾರ್ಚ್ ಹಿಡಿದಳು, ಚಿಕ್ಕವಳಿದ್ದಾಗ ಹಿಡಿಯುತ್ತಿದ್ದ ಹಾಗೆ. ಹತ್ತು ನಿಮಿಷ. ಕಾಫಿ ಕುಡಿದಳು, ಹೆಡ್ ನರ್ಸಿನ ಅಣಕ ಮಾಡಿ ನಗಿಸಿದಳು. ಹೋಗುವಾಗ—

"ಅವರಿಗೂ ಒಂದ್ಸಲ ತೋರಿಸ್ತೀನಿ ಅಪ್ಪಾ."

ಅವರಿಗೆ! ಫೋಟೋ ಸ್ಟುಡಿಯೋ ನಡೆಸುವ ಅಳಿಯನಿಗೆ ಎಂಜಿನ್ ಏನು ಗೊತ್ತು? 'ಸ್ಮೈಲ್ ಪ್ಲೀಸ್' ಅಂದರೆ ಎಣ್ಣೆ ನಿಲ್ಲುತ್ತದೆಯೇ? ಹೊಟ್ಟೆ ಉರಿಯಿತು. ಸುಳ್ಳೇಕೆ ಬರೆಯಲಿ.

ಸೋರಿದ್ದಕ್ಕೆ ಮತ್ತಷ್ಟು ಸುರಿದೆ.

೮ ಶನಿವಾರ

ಕಲೆ ಈಗ ತಟ್ಟೆಯಗಲ. ಅಳಿಯ ಬಂದು ಕುಕ್ಕರಗಾಲಲ್ಲಿ ಕೂತು ಇಣುಕಿದ. "ಮಾವ, ಮೇಲಿಂದ ಬರ್ತಿರಬಹುದಾ?"

"ಹೌದಾ? ಯಾವ ಕಾಲೇಜಲ್ಲಿ ಓದಿದ್ದಪ್ಪ?" ಅಂದೆ. ಪೆಚ್ಚಾಗಿ ಎದ್ದು ಹೋದ.

ಮಗಳಿಗೆ ಸಿಟ್ಟು. "ನಾಳೆಯೊಳಗೆ ಇದು ನಿಲ್ಲದಿದ್ರೆ ಮಾರಿಬಿಡ್ತೀನಿ ಅಪ್ಪಾ. ಸ್ಕೂಟರ್ ತಗೊಳೋಣ ಅಂತಿದಾರೆ ಅವರು. ನಮ್ಮ ಬಾಗಿಲ ಪಕ್ಕಾನೇ ನಿಲ್ಲುತ್ತೆ."

ಅಂದರೆ ಬೆಳಿಗ್ಗೆ ಇಲ್ಲಿಗೆ ಬರುವ ಕೆಲಸವೇ ಇರುವುದಿಲ್ಲ. ಊಟ ಸೇರಲಿಲ್ಲ.

೯ ಭಾನುವಾರ

ಸೀಮೆಎಣ್ಣೆಯಲ್ಲಿ ಎಂಜಿನ್ ತೊಳೆದೆ, ಒರೆಸಿದೆ, ಹೆಂಡತಿಯ ಮುಖದ ಪೌಡರ್ ಉದುರಿಸಿದೆ. ಎಲ್ಲಿ ಒದ್ದೆಯಾಗುತ್ತದೋ ಅಲ್ಲೇ ಸೋರಿಕೆ.

"ಏನ್ರೀ, ಗಾಡಿಗೆ ಮದುವೇನಾ?" ಅಂದಳು.

ಹತ್ತು ನಿಮಿಷ ಸ್ಟಾರ್ಟ್ ಮಾಡಿಟ್ಟೆ. ಪೌಡರ್ ಬೆಳ್ಳಗೆ ಹಾಗೇ ಇದೆ. ಒಂದು ಗೆರೆಯೂ ಒದ್ದೆಯಿಲ್ಲ. ಎಣ್ಣೆ ತೊಟ್ಟಿಕ್ಕುತ್ತಿದ್ದುದು ಏರ್ ಫಿಲ್ಟರ್ ಡಬ್ಬಿಯ ಪೈಪಿನಿಂದ. ಎಂಜಿನ್ನಿನಲ್ಲಿ ಎಣ್ಣೆ ಜಾಸ್ತಿಯಾದರೆ ಮಾತ್ರ ಅಲ್ಲಿಗೆ ಬರುತ್ತದೆ. ಸೋರುತ್ತಿರಲಿಲ್ಲ, ಕಕ್ಕುತ್ತಿತ್ತು!

ಬಸಿದೆ. ಇರಬೇಕಾದದ್ದು ಒಂದು ಲೀಟರ್. ಬಂದದ್ದು ಒಂದೂವರೆ. ನಾನು ಸುರಿದದ್ದು ಎಲ್ಲ ಸೇರಿ ಕಾಲು ಲೀಟರ್ ಇದ್ದೀತು, ಅಷ್ಟು ಸೋರಿಯೇ ಹೋಗಿದೆ. ಮತ್ತೆ ಇದು?

ತಲೆ ಎತ್ತಿದರೆ ಗೇಟಿನಲ್ಲಿ ಅಳಿಯ, ಎರಡೂ ಕೈ ಬೆನ್ನ ಹಿಂದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ.

"ಕೈಯಲ್ಲೇನು?"

ಆಯಿಲ್ ಡಬ್ಬಿ.

"ದಿನಾ ಸಂಜೆ ನೀವು ವಾಕಿಂಗ್ ಹೋದಾಗ ಸ್ವಲ್ಪ ಹಾಕ್ತಿದ್ದೆ ಮಾವ. ಎಂಜಿನ್ ಕೆಟ್ಟು ಅವಳು ದಾರೀಲಿ ಒಬ್ಬಳೇ ನಿಂತ್ರೆ ಅಂತ… ನಿಮಗೆ ಹೇಳಿದ್ರೆ ಬೈತೀರಿ ಅಂತ…"

"ನಾನು ಬೆಳಿಗ್ಗೆ ಹಾಕ್ತಿದ್ದೆ," ಅಂದೆ.

ಹೆಂಡತಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅತಿಯಾದ್ರೆ ಅಮೃತಾನೂ ವಿಷ. ಮಾವ-ಅಳಿಯ ಸೇರಿ ಗಾಡಿಗೇ ಅಜೀರ್ಣ ಮಾಡಿಟ್ರಿ!"

ಯಾರು ಕಂಡುಹಿಡಿದದ್ದು ಅಂತ ಮಗಳು ಕೇಳಿದಾಗ ಅಳಿಯ, "ಮಾವನೇ" ಅಂದ. ಉಳಿದದ್ದರ ಬಗ್ಗೆ ಬಾಯಿ ಬಿಡಲಿಲ್ಲ. ಇವನು ಒಳ್ಳೆಯವನೂ ಆಗಿರಬೇಕಿತ್ತೇ? ನೆಮ್ಮದಿಯಾಗಿ ಹೊಟ್ಟೆಕಿಚ್ಚು ಪಡಲೂ ಬಿಡುವುದಿಲ್ಲ.

೧೨ ಬುಧವಾರ

ಮೂರನೇ ದಿನ. ಹೊಸದಾಗಿ ಹಾಸಿದ ರಟ್ಟು ಒಣಗಿಯೇ ಇದೆ. ಸ್ಕೂಟರಿನ ಮಾತಿಲ್ಲ. ಮಗಳು ಕೀಲಿ ತೆಗೆದುಕೊಂಡಳು, ಹೆಲ್ಮೆಟ್ ಹಾಕಿದಳು, "ಬರ್ತೀನಪ್ಪಾ." ಹೋದಳು. ಕೂರಲಿಲ್ಲ. ಕೂರಲು ಕಾರಣವಾದರೂ ಏನು? ಅವಳಿಗೆ ಮಾಡಿದ ಕಾಫಿ ನಾನೇ ಕುಡಿದೆ.

೧೩ ಗುರುವಾರ, ಬೆಳಿಗ್ಗೆ ೬:೩೦

ಇವತ್ತೂ ಒಣ ರಟ್ಟು. ಅವಳು ಬರಲು ಇನ್ನೂ ಅರ್ಧ ಗಂಟೆ.

ಡಬ್ಬಿಯಲ್ಲಿ ಕಾಲು ಲೀಟರ್ ಉಳಿದಿದೆ. ಮುಚ್ಚಳ ತೆಗೆದು ಪಕ್ಕದಲ್ಲೇ ಇಟ್ಟುಕೊಂಡಿದ್ದೇನೆ. ಸ್ವಲ್ಪ ಜಾಸ್ತಿಯಾದರೆ ಗಾಡಿಯೇನೂ ಸಾಯುವುದಿಲ್ಲ. ನಾಳೆ ಅಂಗೈಯಗಲ ಬಿದ್ದಿದ್ದರೆ ಸಾಕು, ಟಾರ್ಚ್ ಹಿಡಿದು ಹತ್ತು ನಿಮಿಷ ಅವಳು ಇಲ್ಲೇ ಕೂತು—